ಅರ್ಧ ಬಾವಿಯ ಕಾಗದ

ತೀರಿಹೋಗುವುದಕ್ಕೆ ಹಿಂದಿನ ದಿನ ಅವನು ಬಾವಿಯ ಹಗ್ಗ ಜೋಡಿಸುತ್ತಾ ಕೂತಿದ್ದ. ಮಾಡಬೇಕಾದ ಕೆಲಸ ಅದಲ್ಲ. ಮುಂದಿನ ಕೋಣೆಯಲ್ಲಿ ಹಲ್ಲಿನ ಡಾಕ್ಟರರ ಕುರ್ಚಿ ನಾರು ಚೆಲ್ಲಿಕೊಂಡು ಅಂಗಾತ ಬಿದ್ದಿತ್ತು. ಹಳೆಯ ಕುರ್ಚಿ, ಸೋಫಾಗಳಿಗೆ ಹೊಸ ಗಾದಿ ತುಂಬಿ ಬಟ್ಟೆ ಬಿಗಿಯುವುದು ಅವನ ಕಸುಬು. ಬೀದಿಯವರಿಗೆ ಅವನು ಗಾದಿಯವನು, ಅವನ ಹೆಂಡತಿ ಗಾದಿಯಮ್ಮ. ಅವಳು ಆಸ್ಪತ್ರೆಯ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವವಳು. ಗಾದಿಗೂ ಅವಳಿಗೂ ಇದ್ದ ಸಂಬಂಧ ಇಷ್ಟೇ, ಊಟಕ್ಕೆ ಕೂತ ಗಂಡನ ತಲೆಯಿಂದ ನಾರು ಹೆಕ್ಕಿ ತೆಗೆಯುವುದು.

"ಡಾಕ್ಟರ ಕುರ್ಚಿ ನಾಳೆ ಕೊಡಬೇಕು. ನೀವು ನೋಡಿದ್ರೆ ಹಗ್ಗ ಹೊಸೀತಾ ಕೂತಿದ್ದೀರಿ," ಎಂದಳು.

"ಡಾಕ್ಟರು ಒಂದು ದಿನ ನಿಂತ್ಕೊಂಡೇ ಹಲ್ಲು ಕೀಳಲಿ. ಸಾಸಿವೆಗೆ ಒಂದು ದಿನ ನೀರು ಸಿಗದಿದ್ರೆ ನಾವಿಬ್ಬರೂ ಊರು ಬಿಡಬೇಕಾಗುತ್ತೆ."

ಸಾಸಿವೆ ಎಂದರೆ ಗೋಡೆಯಾಚೆಯ ಮನೆಯಾಕೆ. ಹೆಸರಿಟ್ಟವನು ಅವನೇ. ಗುಂಡಗೆ, ಗಿಡ್ಡಗೆ, ಮಾತು ಮಾತ್ರ ಕಾದ ಎಣ್ಣೆಗೆ ಬಿದ್ದ ಹಾಗೆ. ಆಕೆಯ ಗಂಡ ಬದುಕಿದ್ದಾಗ ಎರಡು ಮನೆಗಳ ನಡುವೆ ಗೋಡೆ ಎದ್ದಿತು, ಎದ್ದ ಗೋಡೆಗೆ ಬಾವಿ ಅಡ್ಡ ಬಂದಿತು. ಗಂಡಸರಿಬ್ಬರೂ ಸೊಂಟಕ್ಕೆ ಕೈಕೊಟ್ಟು ನಿಂತು ಬಾವಿಯನ್ನು ನೋಡಿದರು. ಯಾರ ಜಾಗ ಎಲ್ಲಿ ಮುಗಿಯುತ್ತದೆ ಎಂದು ಇಬ್ಬರೂ ಅಳೆಯಲಿಲ್ಲ. "ನಾನಿರೋವರೆಗೂ ನೀರು ಇಬ್ಬರಿಗೂ. ಮುಂದೆಯೂ ಅಷ್ಟೇ, ಮಾತು ಕೊಟ್ಟೆ ಹೋಗಯ್ಯ," ಎಂದು ಗಾದಿಯವನು ಹೇಳಿದ. ಗೋಡೆಯನ್ನು ಬಾವಿಯ ನಟ್ಟನಡುವೆ ತಂದು, ಬಾವಿಯ ಮೇಲೆ ಮಾತ್ರ ಕಮಾನು ಕಟ್ಟಿ ದಾಟಿಸಿದರು. ಹೀಗೆ ಬಾವಿ ಒಂದೇ ಆಯಿತು, ಬಾಯಿ ಎರಡಾಯಿತು. ಈ ಕಡೆ ಒಂದು ರಾಟೆ, ಆ ಕಡೆ ಒಂದು ರಾಟೆ. ಆಚೆ ಮನೆಯ ಅಂಜೂರದ ಮರ ಎರಡರ ಮೇಲೂ ಬಗ್ಗಿದೆ. ಕಮಾನಿನ ಸಂದಿಯಲ್ಲಿ ಆಚೆಯವರ ಮುಖ ಕಾಣುವುದಿಲ್ಲ. ಇಬ್ಬರೂ ಒಟ್ಟಿಗೆ ಬಗ್ಗಿದರೆ ಮಾತ್ರ ಕೆಳಗೆ ನೀರಿನಲ್ಲಿ ಒಬ್ಬರಿಗೊಬ್ಬರು ಕಾಣುತ್ತಾರೆ. ಹೆಂಗಸರಿಬ್ಬರೂ ಇಷ್ಟು ವರ್ಷ ಜಗಳವಾಡಿದ್ದೆಲ್ಲ ಹಾಗೆಯೇ, ನೀರೊಳಗಿನ ಮುಖ ನೋಡಿಕೊಂಡು.

"ಹಗ್ಗ ಇವತ್ತು ಸಿಗುತ್ತಾ, ಇಲ್ಲ ಮುಂದಿನ ಜನ್ಮಕ್ಕಾ?" ಆಚೆಯಿಂದ ಕೂಗು ಬಂತು.

"ಬಂತು ತಾಯಿ, ಬಂತು," ಎಂದು ಅವನು ಹಗ್ಗವನ್ನು ಕಮಾನಿನ ಕೆಳಗಿನಿಂದ ತೂರಿಸಿದ.

ಆ ಸಂಜೆ ಊಟದಲ್ಲಿ ಉಪ್ಪು ಕಡಿಮೆ ಎಂದ. ಬೇಕಾದರೆ ಹಾಕಿಕೊಳ್ಳಿ ಎಂದಳು. ಹಾಕಿಕೊಂಡ, ಹೆಚ್ಚಾಯಿತು, ಮುಖ ಹುಳ್ಳಗೆ ಮಾಡಿಕೊಂಡು ಅಷ್ಟನ್ನೂ ತಿಂದ. ಅಂಥ ದಿನ ಅದು.

ಮರುದಿನ ಬೆಳಿಗ್ಗೆ ಡಾಕ್ಟರ ಕುರ್ಚಿಯ ಮುಂದೆ ಮಂಡಿಯೂರಿ ಕೂತವನು, ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು ಬಟ್ಟೆ ಎಳೆದು ಹಿಡಿದವನು, ಹಾಗೇ ಕುರ್ಚಿಯ ಮೇಲೆ ತಲೆಯಿಟ್ಟ. ಅವಳು ಕರೆದಳು. ಭುಜ ಹಿಡಿದು ತಿರುಗಿಸಿದಳು. ಮೊಳೆಗಳು ಒಂದೊಂದಾಗಿ ಬಾಯಿಂದ ನೆಲಕ್ಕೆ ಬಿದ್ದವು.

ಮನೆ ಮಾರುತ್ತೇನೆ ಎಂದು ಅವಳು ಬೇಗನೇ ನಿಶ್ಚಯಿಸಿದಳು. ಕಾರಣ ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಳು, "ಒಬ್ಬಳಿಗೆ ಅಷ್ಟು ಮನೆ ಗುಡಿಸೋದೇ ಆಯ್ತು." ನಿಜವಾದ ಕಾರಣ ಬೇರೆ. ಯಾವ ಕೋಣೆಗೆ ಹೋದರೂ ಪಕ್ಕದ ಕೋಣೆಯಲ್ಲಿ ಅವನು ಕೆಮ್ಮಿದಂತಾಗುತ್ತಿತ್ತು. ಎದ್ದು ಹೋಗಿ ನೋಡುತ್ತಿದ್ದಳು. ಇಲ್ಲ ಎಂದು ಗೊತ್ತಿದ್ದೂ ಎದ್ದು ಹೋಗುತ್ತಿದ್ದಳು. ಆಸ್ಪತ್ರೆಗೂ ಮನೆಗೂ ನಡುವೆ ಔಷಧಿ ಅಂಗಡಿಯ ಮೇಲೆ ಒಂದು ಕೋಣೆ ಬಾಡಿಗೆಗಿತ್ತು. ಒಂದೇ ಕೋಣೆ. ಪಕ್ಕದ ಕೋಣೆ ಅಂತ ಇರಲಿಲ್ಲ. ಅದು ಸಾಕೆನಿಸಿತು.

ಬೇರೆ ಊರಿನಲ್ಲಿದ್ದ ಮಗಳು ಫೋನಿನಲ್ಲಿ, "ಅಮ್ಮ, ನಿನ್ ಕೈಲಿ ಆಗಲ್ಲಮ್ಮ, ಬ್ರೋಕರ್‌ಗೆ ವಹಿಸಿ ಸುಮ್ನಿರು," ಎಂದಳು. ಹಾಗಾಗಿ ಬ್ರೋಕರ್ ಬಂದ. ಬಾಗಿಲು, ಕಿಟಕಿ, ತಾರಸಿ ಎಲ್ಲ ನೋಡಿ ತಲೆಯಾಡಿಸಿದ. ಹಿತ್ತಲಿಗೆ ಬಂದು ಬಾವಿ ನೋಡಿದವನೇ ತಲೆಯಾಡಿಸುವುದನ್ನು ನಿಲ್ಲಿಸಿದ.

"ಇದೇನಮ್ಮ ಇದು, ಎರಡು ಬಾಯಿ? ಎರಡು ಬಾಯಿ ಅಂದ್ರೆ ದಿನಾ ಜಗಳ ಅಂತ ಲೆಕ್ಕ. ಯಾರು ತಗೋತಾರೆ? ಈ ಕಮಾನಿಗೆ ನಾಲ್ಕು ಸಾಲು ಇಟ್ಟಿಗೆ ಇಟ್ಟು ಮುಚ್ಚಿಸ್ತೀನಿ. ಆಮೇಲೆ ಗಿರಾಕಿ ಕರ್ಕೊಂಡು ಬರ್ತೀನಿ."

"ಆಚೆಯವರಿಗೆ ಬೇರೆ ನೀರಿಲ್ಲ. ನಮ್ಮ ಮನೆಯವರು ಮಾತು ಕೊಟ್ಟಿದ್ದಾರೆ."

"ಮಾತು ಕೊಟ್ಟೋರೇ ಹೋದ್ರಲ್ಲಮ್ಮ."

ಅವಳು ಬೀದಿ ಬಾಗಿಲವರೆಗೂ ನಡೆದು ಹೋಗಿ ಅದನ್ನು ತೆರೆದು ಹಿಡಿದಳು. ಬ್ರೋಕರ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಅಂದೇ ಗಾದಿಯ ಬಟ್ಟೆ ಸುತ್ತಿ ಬರುತ್ತಿದ್ದ ರಟ್ಟನ್ನು ಬಿಚ್ಚಿ ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಳು. ನಾಲ್ಕನೆಯ ಕ್ಲಾಸಿನವರೆಗೆ ಓದಿದ ಕೈ, ಒಂದೊಂದು ಅಕ್ಷರವೂ ಒಂದೊಂದು ಕಡೆ ವಾಲಿತು. "ಈ ಮನೆ ಮಾರುವುದಿದೆ. ಬಾವಿ ಹಂಚಿಕೊಳ್ಳಬೇಕು." ಗೇಟಿಗೆ ನೇತು ಹಾಕಿದಳು. ಓದಿದವರಲ್ಲಿ ಅರ್ಧ ಜನ ನಕ್ಕು ಮುಂದೆ ಹೋದರು. ಒಳಗೆ ಬಂದವರು ಬಾವಿಯವರೆಗೆ ಬಂದು ವಾಪಸು ಹೋದರು. ಕೊನೆಗೆ ಒಬ್ಬ ಬ್ರೆಡ್ಡಿನವನು ಹೆಂಡತಿಯ ಜೊತೆ ಬಂದ. ಕಿವಿಯ ಹಿಂದೆಲ್ಲ ಹಿಟ್ಟು. ಗಾದಿಯವನ ಮುಂದಿನ ಕೋಣೆ ಕಂಡು, "ಒಲೆ ಇಲ್ಲಿ, ಮಾರೋದು ಅಲ್ಲಿ," ಎಂದು ನಿಂತಲ್ಲೇ ಅಂಗಡಿ ಕಟ್ಟಿಬಿಟ್ಟ. ಹೆಂಡತಿ ಬಾವಿ ನೋಡಿ ತುಟಿ ಬಿಗಿದಳು. ಬೇಡ ಎನ್ನಲಿಲ್ಲ. "ಕಾಗದ ಎಲ್ಲ ಸರಿಯಾಗಿ ತಯಾರು ಮಾಡಿ, ನೋಡೋಣ," ಎಂದಳು.

ಕಾಗದ ತಯಾರು ಮಾಡುವುದೆಂದರೆ ಏನು ಎಂದು ಗಾದಿಯಮ್ಮನಿಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಅವನು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದವಳು. ನೋಂದಣಿ ಕಚೇರಿಯ ಮೆಟ್ಟಿಲಿನ ಕೆಳಗೆ ಒಬ್ಬ ಪತ್ರ ಬರೆಯುವವರು ಕೂರುತ್ತಿದ್ದರು. ಒಂದು ಮೇಜು, ಒಂದು ಕಂಪ್ಯೂಟರ್, ಧೂಳು ಬೀಳದಂತೆ ಪ್ರಿಂಟರಿನ ಮೇಲೆ ಒಂದು ಟವೆಲು. ಅವರು ಅವಳನ್ನು ಕೂರಿಸಿ ಬೇಕಾದದ್ದನ್ನೆಲ್ಲ ಹೇಳಿದರು. ಗಂಡ ಸತ್ತಿದ್ದಕ್ಕೆ ಕಾಗದ. ಅವಳು ಅವನ ಹೆಂಡತಿ ಎಂಬುದಕ್ಕೆ, ಮಗಳು ಅವನ ಮಗಳು ಎಂಬುದಕ್ಕೆ ಕಾಗದ. ಮನೆ ಅವನದಾಗಿತ್ತು ಎಂಬುದಕ್ಕೆ, ಅವನಿಗಿಂತ ಮುಂಚೆ ಯಾರದಾಗಿತ್ತು ಎಂಬುದಕ್ಕೆ ಕಾಗದ.

"ಸತ್ತಿದ್ದನ್ನ ನಾನೇ ನೋಡಿದ್ದೀನಿ," ಎಂದಳು.

"ನೀವು ನೋಡಿದ್ರೆ ಸಾಕಾಗಲ್ಲಮ್ಮ. ಕಚೇರಿ ನೋಡಬೇಕು."

ಹಳೆಯ ಪತ್ರಗಳ ನಕಲಿಗೆಂದು ದಾಖಲೆ ಕೋಣೆಗೆ ಹೋದಳು. ಅಲ್ಲಿದ್ದ ಗುಮಾಸ್ತೆಗೆ ಮಂಡಿನೋವು. "ಏಣಿ ಅಲ್ಲಾಡುತ್ತೆ, ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳ್ಳಿ ಅಕ್ಕ," ಎಂದು ಒಳಗೇ ಕರೆದಳು. ಗಾದಿಯಮ್ಮ ಏಣಿ ಹಿಡಿದು ತಲೆಯೆತ್ತಿದಳು. ಎತ್ತಿದ ತಲೆ ಇಳಿಸಲು ಮರೆತಳು. ನೆಲದಿಂದ ಸೂರಿನವರೆಗೆ ಕಪಾಟು. ಅದರ ಹಿಂದೆ ಇನ್ನೊಂದು ಸಾಲು. ಅದರ ಹಿಂದೆ ಕತ್ತಲೆ, ಕತ್ತಲೆಯಲ್ಲೂ ಕಪಾಟು. ಬಟ್ಟೆ ಸುತ್ತಿ ಹುರಿ ಬಿಗಿದ ಕಟ್ಟುಗಳು, ಮೊಣಕಾಲು ಮಡಚಿ ಮಲಗಿದ ಮಕ್ಕಳ ಹಾಗೆ.

"ಇದೆಲ್ಲ ಏನಮ್ಮ?"

"ಊರು," ಎಂದಳು ಗುಮಾಸ್ತೆ ಮೇಲಿನಿಂದ. "ನೀವು ನಡೆದು ಬಂದ ಬೀದಿ, ನೀವು ಕೆಲಸ ಮಾಡೋ ಆಸ್ಪತ್ರೆ, ಈ ಕಚೇರಿ, ಎಲ್ಲ ಇಲ್ಲಿದೆ. ಬಿದ್ದುಹೋದ ಮನೆಗಳೂ ಇವೆ. ಹೊರಗಡೆ ಬಿದ್ರೂ ಇಲ್ಲಿ ನಿಂತೇ ಇರ್ತವೆ."

ಗಾದಿಯಮ್ಮ ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ತಾನು ದಿನಾ ಗುಡಿಸಿ ಒರೆಸಿದ ಮನೆ ಇಷ್ಟು ವರ್ಷ ಇಲ್ಲೂ ಇತ್ತು. ತಾನು ಬಾಗಿಲು ಹಾಕಿ ಮಲಗಿದಾಗ ಇಲ್ಲೂ ಅದು ಮಲಗಿತ್ತು. ಗುಮಾಸ್ತೆ ಕಟ್ಟು ಇಳಿಸಿ ಹುರಿ ಬಿಚ್ಚಿದಳು. ಕಾಗದದ ಹಿಂದೆ ಕಾಗದ ತಿರುವಿದಂತೆ ಮನೆ ಸಣ್ಣದಾಗುತ್ತಾ ಹೋಯಿತು. ಮೊದಲು ಮಹಡಿ ಇಲ್ಲವಾಯಿತು. ಆಮೇಲೆ ಮುಂದಿನ ಕೋಣೆ. ಆಮೇಲೆ ಮನೆಯೇ ಇಲ್ಲ, ಬರೀ ಖಾಲಿ ಜಾಗ. ಆಮೇಲೆ ಬೀದಿಯೂ ಇಲ್ಲ. ಎಲ್ಲಕ್ಕಿಂತ ಹಳೆಯ ಹಾಳೆಯಲ್ಲಿ ಶಾಯಿ ಕಂದಿ ಚಹಾದ ಬಣ್ಣಕ್ಕೆ ತಿರುಗಿತ್ತು. ಗುಮಾಸ್ತೆ ಬೆರಳಿಟ್ಟ ಕಡೆ ಅವಳು ಅಕ್ಷರ ಕೂಡಿಸಿ ಓದಿದಳು, "ಹ...ಳೇ... ಬಾ...ವಿ."

"ಆಗಲೇ ಹಳೇದಾ?"

"ಹೂಂ. ಅವರಿಗೇ ಹಳೇದಾಗಿತ್ತು."

ಮನೆಗೆ ಬಂದವಳು ಚೀಲ ಕೆಳಗಿಡದೆ ನೇರ ಹಿತ್ತಲಿಗೆ ಹೋದಳು. ಬಾವಿಯ ಕಟ್ಟೆಗೆ ಕೈಯಿಟ್ಟಳು. ಬಟ್ಟೆ ಒಗೆಯುವಾಗ ಸೋಪು ಇಡುತ್ತಿದ್ದ ಕಟ್ಟೆ. ಕೈ ತಾನಾಗಿ ಸೋಪನ್ನು ತೆಗೆದು ಕೆಳಗಿಟ್ಟಿತು.

ಮೊದಲ ಕರಡು ಅವಳು ಹೇಳಿದ ಹಾಗೆ ಆಯಿತು. ನಾಲ್ಕು ದಿಕ್ಕಿಗೂ ಏನೇನಿದೆ ಎಂದು ಪತ್ರದವರು ಕೇಳಿದರು. ಒಂದು ಕಡೆ ಬೀದಿ, ಒಂದು ಕಡೆ ಓಣಿ, ಒಂದು ಕಡೆ ಛತ್ರಿ ರಿಪೇರಿಯವನ ಮನೆ, ಇನ್ನೊಂದು ಕಡೆ ಗೋಡೆ ಎಂದಳು. ಅವಳ ಲೆಕ್ಕದಲ್ಲಿ ಮನೆ ಗೋಡೆಗೆ ಮುಗಿಯುತ್ತಿತ್ತು. ಗೋಡೆ ಕಟ್ಟಿದ ಗಂಡಸರ ಲೆಕ್ಕವೂ ಅದೇ. ಆಮೇಲೆ ಅಳತೆಯವನು ಬಂದು ಟೇಪು ಎಳೆದ. ಬೀದಿಯಿಂದ ಹಿತ್ತಲಿಗೆ ಎಳೆದ. ಮತ್ತೆ ಹಿತ್ತಲಿಂದ ಬೀದಿಗೆ ಎಳೆದ. ತಲೆ ಕೆರೆದುಕೊಂಡ.

"ಗೋಡೆ ಯಾರಮ್ಮ ಕಟ್ಟಿದ್ದು?"

"ನಮ್ಮ ಮನೆಯವರು, ಆಚೆ ಮನೆಯವರು."

"ನಿಮ್ಮ ಜಾಗದೊಳಗೇ ಕಟ್ಟಿದ್ದಾರೆ. ನಿಮ್ಮ ಗಡಿ ಗೋಡೆ ದಾಟಿ ಆಚೆಗಿದೆ. ಬಾವಿ ಅಷ್ಟೂ ನಿಮ್ಮದು. ಆ ಕಡೆ ಬಟ್ಟೆ ಒಗೆಯೋ ಕಲ್ಲೂ ನಿಮ್ಮದೇ."

ಅವಳು ಕಮಾನನ್ನು ನೋಡುತ್ತಾ ನಿಂತಳು. ತನ್ನದನ್ನು ತಾನೇ ಸೀಳಿ ಅರ್ಧ ಆಚೆಗೆ ಬಿಟ್ಟುಕೊಟ್ಟಿದ್ದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೂ ಹೀಗೇ ಕಟ್ಟುತ್ತಿದ್ದ ಎನ್ನಿಸಿತು.

ಅಳತೆಯವನು ಆಚೆಯ ಗಡಿಗೆ ಗೂಟ ಹೊಡೆದು ಬಂದು ಸಾಮಾನು ಸುತ್ತಿಕೊಳ್ಳುವಾಗ ಅವಳು ತಡೆದಳು. "ಇದರ ಆಳ?"

"ಆಳ ಕಾಗದಕ್ಕೆ ಬೇಡಮ್ಮ."

"ನನಗೆ ಬೇಕು."

ಅವನು ಹಲ್ಲು ಕಿರಿದು, ಟೇಪಿನ ತುದಿಗೆ ಒಂದು ಕಬ್ಬಿಣದ ಗುಂಡು ಕಟ್ಟಿ ಇಳಿಬಿಟ್ಟ. ಗುಂಡು ನೀರು ಮುಟ್ಟಿತು, ಮುಳುಗಿತು, ಇಳಿಯುತ್ತಲೇ ಹೋಯಿತು. ಅವನ ಮುಖದ ನಗೆ ನಿಧಾನವಾಗಿ ಇಳಿಯಿತು. ಸುರುಳಿ ಬರಿದಾಗಿ ಟೇಪಿನ ಈ ತುದಿ ಅವನ ಮುಷ್ಟಿಯಲ್ಲಿ ಬಿಗಿಯಾಯಿತು.

"ಟೇಪು ಮುಗೀತು," ಎಂದ.

"ತಳ?"

"ಇನ್ನೂ ಕೆಳಗಿದೆ ಅನ್ಸುತ್ತೆ." ಅವನ ದನಿ ತಗ್ಗಿತ್ತು.

ಮರುದಿನ ಪತ್ರದವರ ಮೇಜಿನ ಮುಂದೆ ಅವಳು ಅದನ್ನೇ ಕೇಳಿದಳು. "ಉದ್ದ ಬರೆದ್ರಿ, ಅಗಲ ಬರೆದ್ರಿ. ಕೆಳಗೆ ಎಲ್ಲೀವರೆಗೆ ಮಾರ್ತಾ ಇದ್ದೀನಿ ನಾನು?"

ಪತ್ರದವರು ನಕ್ಕರು. "ಪಾತಾಳದವರೆಗೆ."

"ತಮಾಷೆ ಬೇಡಿ."

"ತಮಾಷೆ ಅಲ್ಲಮ್ಮ. ಹಳೇ ಲೆಕ್ಕ ಹಾಗೇ ಇದ್ದಿದ್ದು. ಭೂಮಿ ನಿಮ್ಮದು ಅಂದ್ರೆ ಕೆಳಗೆ ಹೋದಷ್ಟೂ ನಿಮ್ಮದು, ಮೇಲೆ ಕಂಡಷ್ಟೂ ನಿಮ್ಮದು. ಈಗ ಕೆಳಗೆ ಗಣಿ ಅಂತ, ಮೇಲೆ ವಿಮಾನ ಅಂತ ಸರ್ಕಾರ ಕೈಹಾಕಿದೆ, ಅದು ಬೇರೆ."

ಆ ದಿನ ಅವಳು ತನ್ನ ಅಡುಗೆಮನೆಯಲ್ಲಿ ಹೆಜ್ಜೆ ಊರಿದ್ದು ನೀರಿನ ಮೇಲೆ ಊರಿದ ಹಾಗೆ. ಒಲೆಯ ಮುಂದೆ ನಿಂತಳು. ಕಾಲಡಿ ಅಷ್ಟೂ ಇತ್ತು. ಕಲ್ಲು, ಅದರ ಕೆಳಗೆ ನೀರು, ನೀರಿನ ಕೆಳಗೆ ಕತ್ತಲೆ, ಎಲ್ಲ ಅವಳ ಹೆಸರಿನಲ್ಲಿ. ಹಿತ್ತಲಿಗೆ ಬಂದು ಮೇಲೆ ನೋಡಿದಳು. ಮನೆಯಷ್ಟೇ ಅಗಲದ ಆಕಾಶ, ಕೊನೆಯಿಲ್ಲದಷ್ಟು ಎತ್ತರ. ಅದರಲ್ಲಿ ಒಂದು ಹಕ್ಕಿ ಅವಳನ್ನು ಕೇಳದೆ ಹಾದುಹೋಯಿತು. ಇಷ್ಟು ದೊಡ್ಡದರೊಳಗೆ ಉಪ್ಪು ಕಡಿಮೆ, ಉಪ್ಪು ಹೆಚ್ಚು ಎಂದು ಜಗಳವಾಡುತ್ತಾ ಇಬ್ಬರೂ ಬದುಕಿದ್ದರು. ಅವನಿಗೆ ಹೇಳಬೇಕೆನಿಸಿತು. ಹೇಳಲು ಮುಂದಿನ ಕೋಣೆಯವರೆಗೆ ಹೋಗಿ ವಾಪಸು ಬಂದಳು.

ಆದರೆ ತೊಂದರೆ ಇದ್ದದ್ದು ಅರ್ಧ ಬಾವಿಯದು. ಪತ್ರದವರು ಬಿಡಿಸಿ ಹೇಳಿದರು. "ಗೋಡೆಯೇ ಗಡಿ ಅಂತ ಬರೆದ್ರೆ ಆಚೆಯ ಅರ್ಧ ಬಾವಿ ನಿಮ್ಮ ಪತ್ರದಲ್ಲೂ ಇರಲ್ಲ, ಅವರ ಪತ್ರದಲ್ಲೂ ಇಲ್ಲ. ಅನಾಥ ಆಗುತ್ತೆ. ಅಳತೆ ಪ್ರಕಾರ ಪೂರ್ತಿ ಬರೆದ್ರೆ ನಾಳೆ ಬ್ರೆಡ್ಡಿನವರು ಕಮಾನು ಮುಚ್ಚಿದ್ರೂ ಆಕೆ ಬಾಯಿ ಬಿಡೋ ಹಾಗಿಲ್ಲ. ಉಳಿದಿರೋದು ಒಂದೇ ದಾರಿ. ಗಡಿ ಅಳತೆ ಪ್ರಕಾರ ಬರೀತೀನಿ. ಆಚೆ ಮನೆಗೆ ನೀರಿನ ಹಕ್ಕು ಉಂಟು, ಕಮಾನು ಮುಚ್ಚೋ ಹಾಗಿಲ್ಲ ಅಂತ ಅದರಲ್ಲೇ ಸೇರಿಸ್ತೀನಿ. ಆದ್ರೆ ಬ್ರೆಡ್ಡಿನವರು ಒಪ್ಪಬೇಕು. ಗಡಿ ಇದೇ ಅಂತ ಆಕೆಯೂ ಒಪ್ಪಿ ಸಹಿ ಹಾಕಬೇಕು."

ಸಾಸಿವೆ ಒಪ್ಪಬೇಕು! ಗಾದಿಯಮ್ಮ ಬಾವಿಗೆ ಬಗ್ಗಿ ಕರೆದಳು. ಆಚೆ ರಾಟೆ ನಿಂತಿತು. ನೀರಿನಲ್ಲಿ ಗುಂಡು ಮುಖ ಮೂಡಿತು.

"ನನ್ನ ಕಲ್ಲಿನ ಪಕ್ಕ ಯಾಕೆ ಗೂಟ ಹೊಡೆಸಿದೆ?" ಮುಖ ಕೇಳಿತು.

"ಕಲ್ಲು ನನ್ನ ಜಾಗದಲ್ಲಿದೆ ಅಂತೆ. ನನಗೂ ಈಗ್ಲೇ ಗೊತ್ತಾಗಿದ್ದು."

"ಆಹಾಹಾ! ಗಂಡ ಇರೋವರೆಗೂ ಬೆಕ್ಕಿನ ಹಾಗಿದ್ದೆ. ಈಗ ನನ್ನ ಕಲ್ಲಿಗೆ ಬಂದ್ಯಾ? ನಾಳೆ ಮೈಮೇಲಿನ ಸೀರೆಯೂ ನಿಂದೇ ಅಂತೀಯ."

"ನಿನ್ನ ಸೀರೆ ನನಗೆ ಮೊಣಕಾಲಿಗೂ ಬರಲ್ಲ, ಇಟ್ಕೋ. ನಿನಗೆ ನೀರಿನ ಹಕ್ಕು ಬರೆಸ್ತಾ ಇದ್ದೀನಿ. ಒಂದು ಸಹಿ ಹಾಕು."

"ಸಹಿ? ನನ್ನ ಅಣ್ಣಂದಿರೂ ಒಂದು ಸಹಿ ಹಾಕು ಅಂದಿದ್ರು. ಅಪ್ಪನ ಜಾಗದಲ್ಲಿ ಈಗ ನನಗೆ ನಿಲ್ಲೋಕೂ ಒಂದು ಮೂಲೆ ಇಲ್ಲ. ಹೆಸರು ಬರೆಯೋಕೆ ಮಾತ್ರ ಕಲಿತವಳು ನಾನು, ಓದೋಕಲ್ಲ. ನಾನು ಹಾಕಲ್ಲ ಹೋಗೇ."

ಬಕೆಟ್ಟು ನೀರಿಗೆ ಬಿತ್ತು. ಮುಖ ಒಡೆದುಹೋಯಿತು.

ಮೂರು ಸಲ ಕರೆದರೂ ಮುಖ ಬರಲಿಲ್ಲ. ಬ್ರೆಡ್ಡಿನವನು ಫೋನು ಮಾಡಿ, "ಅಮ್ಮ, ಇನ್ನೊಂದು ಮನೆ ನೋಡ್ತಾ ಇದ್ದೀವಿ, ಬೇಗ ಹೇಳಿ," ಎಂದ. ಪತ್ರದವರು, "ನೀರಿನ ಹಕ್ಕಿನ ಮಾತು ಬಿಟ್ಟುಬಿಡಿ, ನಾಳೆಯೇ ಮುಗಿಸೋಣ," ಎಂದರು. ಬಿಟ್ಟರೆ ಮುಗಿಯುತ್ತಿತ್ತು. ಅವಳು ಬಿಡಲಿಲ್ಲ. ಕರಡಿನ ಹಾಳೆಗಳನ್ನು ತಂದು, ಮಧ್ಯಾಹ್ನದ ಬಿಸಿಲಲ್ಲಿ ಬಾವಿಯ ಕಟ್ಟೆಗೆ ಹೊಟ್ಟೆ ಕೊಟ್ಟು ಬಗ್ಗಿ, ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದಳು. ಕೇಳುವವರು ಯಾರೂ ಕಾಣಲಿಲ್ಲ. ಬಾವಿ ಕೇಳಿತು. ಅವಳು ತಡವರಿಸಿದ ಕಡೆ ತಡವರಿಸಿ, ನಿಂತ ಕಡೆ ನಿಂತು, ಪ್ರತಿ ಮಾತನ್ನೂ ತಿರುಗಿ ಹೇಳಿತು. ಬಾವಿ ಹೇಳಿದಾಗ ಅದು ಅವಳ ದನಿ ಅನ್ನಿಸಲಿಲ್ಲ. ಎಲ್ಲೋ ಕೆಳಗೆ, ಟೇಪು ಮುಟ್ಟದ ಕಡೆ, ಯಾರೋ ಕೂತು ಪಾಠದ ಹಾಗೆ ಒಪ್ಪಿಸುತ್ತಿದ್ದಂತಿತ್ತು. ಆದರೂ ಓದಿದಳು.

"...ಸದರಿ ಸ್ವತ್ತಿನ... ಸದರಿ ಬಾವಿಯಿಂದ..."

"ಯಾರೇ ಅದು ಸದರಿ?" ಆಚೆಯಿಂದ ದನಿ ಬಂತು.

ಗಾದಿಯಮ್ಮ ತಲೆಯೆತ್ತಲಿಲ್ಲ. "ಸದರಿ ಅಂದ್ರೆ ಮೇಲೆ ಹೇಳಿದ್ದು."

"ಮೇಲೆ ಅಂದ್ರೆ ನಮ್ಮ ಗಂಡಂದಿರು ಹೋದ ಮೇಲೆಯಾ?"

"ಅಲ್ವೇ. ಮೇಲಿನ ಸಾಲಲ್ಲಿ."

"ಹಾಗೆ ಹೇಳು ಮತ್ತೆ. ನಿಧಾನ ಓದು. ಕುದುರೆ ಮೇಲೆ ಬಂದವಳ ಹಾಗೆ ಆಡಬೇಡ."

"ನಾನು ಓದೋದೇ ಇಷ್ಟು ನಿಧಾನ. ಇದಕ್ಕಿಂತ ನಿಧಾನ ಅಂದ್ರೆ ನಿದ್ದೆ ಬರುತ್ತೆ."

ಓದಿದಳು. ಆಚೆ ಮನೆಯವರು ಅವರ ಕಡೆಯ ಬಾಯಿಯಿಂದ ನೀರು ಸೇದತಕ್ಕದ್ದು. ಅವರ ಮಕ್ಕಳು, ಅವರಿಂದ ಮನೆ ಕೊಂಡವರು, ಎಲ್ಲರೂ ಸೇದತಕ್ಕದ್ದು. ಕಮಾನನ್ನು ಯಾರೂ ಮುಚ್ಚತಕ್ಕದ್ದಲ್ಲ. ಕಲ್ಲು ಇದ್ದಲ್ಲೇ ಇರತಕ್ಕದ್ದು. ಆಮೇಲೆ ಒಂದು ಉದ್ದದ ಮಾತು ಬಂತು. ಅದನ್ನು ಅವಳು ಎರಡು ಸಲ ಕೂಡಿಸಿಕೊಂಡಳು.

"ಆ...ಚಂದ್ರಾ...ರ್ಕ."

"ಆಚಂದ್ರಾರ್ಕ," ಎಂದಿತು ಬಾವಿ.

"ಹಾಗಂದ್ರೆ?" ಸಾಸಿವೆಯ ದನಿಯಲ್ಲಿ ಸಿಡಿತವಿರಲಿಲ್ಲ.

"ನಾನೂ ಕೇಳಿದೆ ಅವರನ್ನ. ಚಂದ್ರ ಸೂರ್ಯ ಇರೋವರೆಗೆ ಅಂತೆ."

ಆಮೇಲೆ ನೀರಿನಲ್ಲಿ ಗುಂಡು ಮುಖ ಮೂಡಿತು. ಅದರ ಹಿಂದೆ ಆಕಾಶ ಇತ್ತು. ಇವಳ ಮುಖದ ಹಿಂದೆಯೂ ಅದೇ ಆಕಾಶ. ಎರಡು ಮುಖಗಳ ನಡುವೆ ಗೋಡೆಯ ನೆರಳು ನೀರಿನ ಮೇಲೆ ಒಂದು ಕಪ್ಪು ಪಟ್ಟಿಯಾಗಿತ್ತು, ಅಷ್ಟೇ.

"ಹಾಗೇ ಬರೆದಿದೆಯಾ? ಕಾಗದದಲ್ಲಿ?"

"ಹಾಗೇ ಇದೆ."

"ನನ್ನ ಒಂದು ಬಕೆಟ್ಟು ನೀರಿಗೆ?"

"ಹೂಂ."

"ಅಯ್ಯೋ ನಿನ್ನ! ನನ್ನ ಮದುವೆಗೂ ಇಷ್ಟು ದೊಡ್ಡವರನ್ನ ಯಾರೂ ಸಾಕ್ಷಿಗೆ ಕರೆದಿರಲಿಲ್ಲ ಕಣೇ." ಸಾಸಿವೆ ಮೂಗು ಒರೆಸಿಕೊಂಡಿದ್ದು ನೀರಿನಲ್ಲಿ ಕಂಡಿತು. "ಎಲ್ಲಿ ಹಾಕಬೇಕು ಸಹಿ? ಮತ್ತೆ ನೀನು ನನ್ನ ಪಕ್ಕದಲ್ಲೇ ನಿಂತಿರಬೇಕು. ಇನ್ನೊಂದು ಸಲ ಅಷ್ಟೂ ಓದಬೇಕು."

ಇನ್ನು ಒಪ್ಪಬೇಕಾದವಳು ಬ್ರೆಡ್ಡಿನವನ ಹೆಂಡತಿ. ಎಲ್ಲರೂ ಮೆಟ್ಟಿಲಿನ ಕೆಳಗಿನ ಮೇಜಿನ ಸುತ್ತ ಸೇರಿದಾಗ ಆಕೆ ಕರಡನ್ನು ಓದಿ ಕೆಳಗಿಟ್ಟಳು.

"ನೀರು ಹಂಚಿಕೊಳ್ಳೋಕೆ ನಮ್ಮ ಅಡ್ಡಿಯಿಲ್ಲ. ಆದ್ರೆ ಅವರ ಅಂಜೂರದ ಮರ ಬಾವಿ ಮೇಲೇ ಬಗ್ಗಿದೆ. ಎಲೆ ಬಿದ್ದು ಕೊಳೆಯುತ್ತೆ. ನಮ್ಮದು ತಿನ್ನೋ ಸಾಮಾನಿನ ಕೆಲಸ. ಬೆಳಿಗ್ಗೆ ಒಲೆ ಮುಂದೆ ನಿಂತ್ರೆ ಇಬ್ಬರಿಗೂ ಕೈ ಬಿಡುವಿಲ್ಲ. ದಿನಾ ಎಲೆ ಯಾರು ತೆಗೀತಾರೆ? ಆ ಬಾಯಿ ಮುಚ್ಚಿದ್ರೆ ಈ ರಗಳೆ ಇರಲ್ಲ."

"ಮರ ಕಡಿಯಲ್ಲ," ಎಂ‌ದಳು ಸಾಸಿವೆ ಥಟ್ಟನೆ. "ನನ್ನ ಸೊಂಟ ಬಗ್ಗಲ್ಲ. ಬಕೆಟ್ಟು ಎಳೆಯೋದೇ ಸಾಕಾಗಿದೆ."

ಬ್ರೆಡ್ಡಿನವನು ಹೆಂಡತಿಯನ್ನು ನೋಡಿದ. ಹೆಂಡತಿ ಪತ್ರದವರನ್ನು ನೋಡಿದಳು. ಪತ್ರದವರು ಪ್ರಿಂಟರಿನ ಟವೆಲನ್ನು ಮಡಚಿದರು, ಬಿಚ್ಚಿದರು.

"ನಾನು ತೆಗೀತೀನಿ," ಎಂದಳು ಗಾದಿಯಮ್ಮ.

"ಅಮ್ಮ, ನೀವು ಮಾರ್ತಾ ಇದ್ದೀರಿ," ಎಂದರು ಪತ್ರದವರು. "ಮಾರಿದ ಮೇಲೆ ಆ ಹಿತ್ತಲಲ್ಲಿ ನಿಮಗೇನು ಕೆಲಸ?"

"ಎಲೆ ತೆಗೆಯೋ ಕೆಲಸ. ಆಸ್ಪತ್ರೆಗೆ ಹೋಗೋ ದಾರಿಯಲ್ಲೇ ಇದೆ. ಕೈಲಾಗೋವರೆಗೆ ಬರ್ತೀನಿ. ಬರ್ಕೊಳ್ಳಿ."

"ಇದನ್ನೆಲ್ಲ ಕ್ರಯಪತ್ರದಲ್ಲಿ ಬರೆಯೋಕೆ ಬರಲ್ಲಮ್ಮ."

ಬ್ರೆಡ್ಡಿನವನು ಕಿವಿಯ ಹಿಂದಿನ ಹಿಟ್ಟು ಉಜ್ಜಿಕೊಂಡ. "ಬರೀಬೇಡಿ ಬಿಡಿ," ಎಂದ. "ಹಿತ್ತಲ ಗೇಟಿನ ಒಂದು ಕೀಲಿ ಅಮ್ಮನ ಹತ್ರಾನೇ ಇರಲಿ." ಹೆಂಡತಿ ಬಿಗಿದ ತುಟಿ ಸಡಿಲಿಸಿ, "ಬಂದವರು ಹಾಗೇ ಹೋಗಬಾರದು ಮತ್ತೆ. ಬಿಸಿ ಬ್ರೆಡ್ಡು ತಗೊಂಡು ಹೋಗಬೇಕು," ಎಂದಳು.

ನೋಂದಣಿಯ ದಿನ ಮಗಳು ಬಂದಳು, ತನ್ನ ಜಾಗದಲ್ಲಿ ಸಹಿ ಹಾಕಿದಳು. ಸಾಸಿವೆ ನಾಲಿಗೆ ಕಚ್ಚಿಕೊಂಡು ಹೆಸರು ಬರೆದಳು, ಬರೆದ ಮೇಲೆ ಯಾರ ಕೈಗೂ ಕೊಡದೆ ಕಾಗದವನ್ನು ಊದಿ ಒಣಗಿಸಿದಳು. ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿ ಗಾದಿಯಮ್ಮನನ್ನು ಕೇಳಿದರು, "ಇದರಲ್ಲಿ ಬರೆದಿರೋದು ನಿಮಗೆ ಗೊತ್ತಾ? ಯಾರಾದ್ರೂ ಓದಿ ಹೇಳಿದ್ರಾ?"

"ನಾನೇ ಓದಿ ಹೇಳಿದ್ದೀನಿ," ಎಂದಳು.

ಬೆರಳಿಟ್ಟು ತೋರಿಸುವವರು ಯಾರೂ ಇರಲಿಲ್ಲ. ಜಾಗ ತಾನೇ ಹುಡುಕಿ ಸಹಿ ಹಾಕಿದಳು. ಅಕ್ಷರಗಳು ಎಂದಿನಂತೆ ಒಂದೊಂದು ಕಡೆ ವಾಲಿದವು. ಪಾತಾಳದವರೆಗೆ, ಆಕಾಶದವರೆಗೆ ಇದ್ದದ್ದೆಲ್ಲ ಆ ವಾಲಿದ ಅಕ್ಷರಗಳ ಕೆಳಗಿನಿಂದ ಜಾರಿ ಮೇಜಿನ ಆಚೆ ಬದಿಗೆ ಹೋಯಿತು. ಸದ್ದೇ ಆಗಲಿಲ್ಲ. ಗುಮಾಸ್ತೆ ಬಂದು ಕಾಗದವನ್ನು ಒಳಗೆ ತೆಗೆದುಕೊಂಡು ಹೋದಳು, ಏಣಿ ಇರುವ ಕಡೆಗೆ.

ಈಗ ಬೆಳಿಗ್ಗೆ ಅವಳು ಔಷಧಿ ಅಂಗಡಿಯ ಮೇಲಿನ ಕೋಣೆಗೆ ಬೀಗ ಹಾಕಿ ಓಣಿಯಿಂದ ಬಂದು ಹಿತ್ತಲ ಗೇಟು ತೆರೆಯುತ್ತಾಳೆ. ಒಳಗೆ ಒಲೆ ಉರಿಯುತ್ತಿರುತ್ತದೆ, ಹಿಟ್ಟು ಬಡಿಯುವ ಸದ್ದು ಕೇಳುತ್ತಿರುತ್ತದೆ. ಅವಳು ಆ ಕಡೆ ನೋಡುವುದಿಲ್ಲ. ಉದ್ದ ಕೋಲಿಗೆ ಕಟ್ಟಿದ ಬಲೆಯನ್ನು ಬಾವಿಗೆ ಇಳಿಸಿ, ರಾತ್ರಿ ಬಿದ್ದ ಅಂಜೂರದ ಎಲೆಗಳನ್ನು ಈ ಕಡೆಯವು, ಆ ಕಡೆಯವು ಎನ್ನದೆ ಎಳೆದು ತೆಗೆಯುತ್ತಾಳೆ. ಆಚೆ ರಾಟೆ ಕಿರುಗುಟ್ಟುತ್ತದೆ. "ಮೂಲೆಯಲ್ಲಿ ಒಂದು ಉಳೀತು ನೋಡು, ಕಣ್ಣು ಕಾಣಲ್ವಾ?" ಎನ್ನುತ್ತಾಳೆ ಸಾಸಿವೆ. ಅವಳು ಆ ಒಂದನ್ನೂ ತೆಗೆಯುತ್ತಾಳೆ. ಒದ್ದೆ ಎಲೆಗಳನ್ನು ಬುಟ್ಟಿಗೆ ಸುರಿದು, ಕೋಲನ್ನು ಗೋಡೆಗೆ ಒರಗಿಸಿ, ಅಲುಗಿದ ನೀರು ನಿಲ್ಲುವವರೆಗೆ ಕಟ್ಟೆ ಹಿಡಿದು ಕಾಯುತ್ತಾಳೆ. ಆಮೇಲೆ ಕೈ ಒರೆಸಿಕೊಂಡು ತರಕಾರಿ ಹೆಚ್ಚಲು ಹೋಗುತ್ತಾಳೆ.